ನಿಮ್ಮೂರು 1956ಕ್ಕೆ ಮುಂಚೆ ಯಾರ ಕೈಲಿತ್ತು?

ಪುರಾತತ್ವ ಓದೋಕೆ ವಿಶ್ವವಿದ್ಯಾಲಯ ಸೇರಿದ ಹುಡುಗ ಹುಡುಗಿಯರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ನಮ್ಮೂರಿನ ಬಗ್ಗೆ ಏನಾದ್ರೂ ಬರೀಬೇಕು, ಪುಸ್ತಕ ಎಲ್ಲಿ ಸಿಗುತ್ತೆ ಸಾರ್?" ಅದಕ್ಕೆ ಸಿಗುವ ಉತ್ತರವೂ ಒಂದೇ. "ಲೈಬ್ರರೀಲಿ ನೋಡಪ್ಪಾ." ಯಾವ ಲೈಬ್ರರಿ, ಏನಂತ ಹುಡುಕಬೇಕು... ಅದನ್ನ ಬಿಡಿಸಿ ಹೇಳುವವರು ಕಡಿಮೆ.

ನನ್ನ ಕೇಳಿದರೆ, ಲೈಬ್ರರಿ ಮೆಟ್ಟಿಲು ಹತ್ತುವ ಮುಂಚೆ ಆ ವಿದ್ಯಾರ್ಥಿ ತಿಳಿದುಕೊಳ್ಳಬೇಕಾದ್ದು ಒಂದೇ ಸಂಗತಿ. 1956ಕ್ಕೆ ಮುಂಚೆ ನಮ್ಮೂರು ಯಾರ ಆಳ್ವಿಕೆಯಲ್ಲಿತ್ತು? ಇದೇನು ವಿಚಿತ್ರ ಅಂತೀರಾ? ಸ್ವಲ್ಪ ತಾಳಿ, ಹೇಳ್ತೀನಿ.

ಕನ್ನಡದ ಶಾಸನ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರೋದು ಎಪಿಗ್ರಾಫಿಯಾ ಕರ್ನಾಟಿಕಾ. ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಶುರುಮಾಡಿ ಇಪ್ಪತ್ತು ವರ್ಷದೊಳಗೆ 12 ಸಂಪುಟ ತಂದರು. ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ ಅದು ಹಳೇ ಮೈಸೂರು ಮತ್ತು ಕೊಡಗಿನ ಕೆಲಸ. ಬಳ್ಳಾರಿಯ ಹುಡುಗ ಆ 12 ಸಂಪುಟದಲ್ಲಿ ತನ್ನೂರನ್ನ ಹುಡುಕಿದರೆ ಸಿಗೋದಿಲ್ಲ. "ನಮ್ಮೂರಲ್ಲಿ ಶಾಸನವೇ ಇಲ್ಲ" ಅಂದುಕೊಂಡು ವಾಪಸ್ ಬಂದುಬಿಡ್ತಾನೆ! ಅವನ ಊರಿನ ಕಲ್ಲುಗಳು ಇರೋದು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 9ನೇ ಸಂಪುಟದಲ್ಲಿ. ಯಾಕಂದ್ರೆ 1953ರವರೆಗೆ ಬಳ್ಳಾರಿ ಮದರಾಸಿನ ಕೈಲಿತ್ತು. ದಕ್ಷಿಣ ಕನ್ನಡವೂ ಅಷ್ಟೇ, ಅಲ್ಲಿನ ಬಹಳಷ್ಟು ಶಾಸನಗಳು ಅದೇ ಮಾಲೆಯ 7ನೇ ಸಂಪುಟದಲ್ಲಿವೆ. ಕೊಳ್ಳೇಗಾಲ ಆಗ ಕೊಯಮತ್ತೂರು ಜಿಲ್ಲೆ.

ಧಾರವಾಡ, ಬಿಜಾಪುರ, ಬೆಳಗಾವಿ ಕಡೆಯವರಾದರೆ ಮುಂಬಯಿ ದಾರಿ. ಅದೇ ಮಾಲೆಯಲ್ಲಿ ಮುಂಬಯಿ ಕರ್ನಾಟಕಕ್ಕೆ ಬೇರೆ ಸಂಪುಟಗಳಿವೆ (11, 15, 18, 20). ಫ್ಲೀಟ್ ಓದಿದ ಶಾಸನಗಳು ಇಂಡಿಯನ್ ಆ್ಯಂಟಿಕ್ವರಿಯ ಹಳೇ ಸಂಚಿಕೆಗಳಲ್ಲಿವೆ. 1939ರಲ್ಲಿ ಧಾರವಾಡದಲ್ಲಿ ಶುರುವಾದ ಕನ್ನಡ ಸಂಶೋಧನಾ ಸಂಸ್ಥೆ ಇವತ್ತು ಕರ್ನಾಟಕ ವಿಶ್ವವಿದ್ಯಾಲಯದಲ್ಲಿದೆ. ಅದಕ್ಕೆ ತನ್ನದೇ ವಸ್ತುಸಂಗ್ರಹಾಲಯವೂ ಇದೆ.

ರಾಯಚೂರು, ಕೊಪ್ಪಳ, ಕಲಬುರಗಿಯವರು ನಿಜಾಮನ ಕಪಾಟು ತೆಗೀಬೇಕು. ಮಸ್ಕಿಯಲ್ಲಿ ಅಶೋಕನ ಹೆಸರಿರೋ ಶಾಸನ 1915ರಲ್ಲಿ ಸಿಕ್ಕಿತಲ್ಲ, ಅದನ್ನ ಎಚ್. ಕೃಷ್ಣಶಾಸ್ತ್ರಿಗಳು ಪ್ರಕಟಿಸಿದ್ದು ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ. ಪಿ.ಬಿ. ದೇಸಾಯಿಯವರು ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನ ಸಂಪಾದಿಸಿದ ಪುಸ್ತಕವೂ ಅದೇ ಮಾಲೆಯದು. ಅದು ಹೊರಬಂದಾಗ 1958. ಅಷ್ಟೊತ್ತಿಗೆ ಆ ಸಂಸ್ಥಾನವೇ ಇರಲಿಲ್ಲ :)

ಈಗ ಅರ್ಥವಾಯ್ತಲ್ಲ? ಏಕೀಕರಣದಲ್ಲಿ ಊರುಗಳು ಒಂದಾದವು. ಊರಿನ ದಾಖಲೆಗಳು ಒಂದಾಗಲಿಲ್ಲ. ಅವು ಈಗಲೂ ಹಳೇ ಯಜಮಾನರ ಮನೆಗಳಲ್ಲೇ ಹಂಚಿಹೋಗಿವೆ.

ಪುಸ್ತಕದ ಕಥೆ ಇದಾದರೆ, ವಸ್ತುಗಳ ಕಥೆ ಇನ್ನೂ ಒಂದು ಕೈ ಮೇಲೆ. ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಭಾರತವೆಲ್ಲ ಸುತ್ತಿ ಹೆಕ್ಕಿದ ಶಿಲಾಯುಗದ ಆಯುಧಗಳು, ಬಳ್ಳಾರಿ ಸುತ್ತಮುತ್ತಲಿನವೂ ಸೇರಿ, 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವು. ಅಂದರೆ ಸಂಗನಕಲ್ಲಿನ ಕಡೆಯ ಕಲ್ಲುಕೊಡಲಿ ನೋಡೋಕೆ ಬಳ್ಳಾರಿಯ ವಿದ್ಯಾರ್ಥಿ ಎಗ್ಮೋರಿಗೆ ಹೋಗಬೇಕು. ಇದಕ್ಕೆ ನನಗೆ ಸಿಟ್ಟಿಲ್ಲ, ಆಗ ಅದೇ ಅವರ ರಾಜಧಾನಿ. ನಾನು ಹೇಳಬೇಕು ಅಂತಿರೋದು ಬೇರೆ. ಆ ಸಂಗ್ರಹದ ಪಟ್ಟಿ 1914ರಲ್ಲಿ ಅಚ್ಚಾಯಿತು. ಯಾವ ಜಿಲ್ಲೆ, ಯಾವ ಗುಡ್ಡ, ಏನು ಸಿಕ್ಕಿತು ಅಂತ ನಂಬರು ಹಾಕಿ ಬರೆದಿದ್ದಾರೆ. ಹಾಗಾಗಿ ನೂರು ವರ್ಷದ ಮೇಲೂ ಒಬ್ಬ ವಿದ್ಯಾರ್ಥಿ ಮನೇಲಿ ಕೂತು ಆ ಪುಸ್ತಕ ನೋಡಿ, ತನಗೆ ಬೇಕಾದ ನಂಬರುಗಳನ್ನ ಗುರುತು ಮಾಡಿಕೊಂಡು, ಆಮೇಲೆ ರೈಲು ಹತ್ತಬಹುದು. ವಸ್ತು ದೂರ ಇದ್ದರೂ ಪರವಾಗಿಲ್ಲ, ಅದರ ಪಟ್ಟಿ ಕೈಗೆ ಸಿಕ್ಕರೆ ದಾರಿ ಇದೆ. ಪಟ್ಟಿಯೇ ಇಲ್ಲದಿದ್ದರೆ, ಪಕ್ಕದ ಬೀದೀಲಿದ್ದರೂ ಅದು ಇಲ್ಲದ ಹಾಗೇ.

ನಮ್ಮ ಎಷ್ಟೋ ವಸ್ತುಸಂಗ್ರಹಾಲಯಗಳಲ್ಲಿ ಇಲ್ಲದ್ದು ಈ ಪಟ್ಟಿ. ಒಂದು ಕಡೆ (ಹೆಸರು ಬೇಡ ಬಿಡಿ) ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದ ವೀರಗಲ್ಲುಗಳ ಮುಂದೆ "ವೀರಗಲ್ಲು, 10ನೇ ಶತಮಾನ" ಅಂತಷ್ಟೇ ಬೋರ್ಡಿತ್ತು. ಯಾವ ಊರಿಂದ ಬಂದಿದ್ದು ಅಂತ ಕೇಳಿದೆ. "ಎಲ್ಲ ಇಲ್ಲೇ ಸುತ್ತಮುತ್ತದ್ದು" ಅಂದರು. ಊರು ಗೊತ್ತಿಲ್ಲದ ವೀರಗಲ್ಲಿನಿಂದ ವಿದ್ಯಾರ್ಥಿ ಏನು ಕಲೀಬೇಕು ಹೇಳಿ? ಯಾವ ಊರಿನ ದನ ಕಾಯಲು ಹೋಗಿ ಸತ್ತ, ಯಾರ ಜೊತೆ ಹೊಡೆದಾಡಿದ, ಎಲ್ಲವೂ ಆ ಒಂದು ಊರಿನ ಹೆಸರಿನ ಜೊತೆ ಹೋಯಿತು.

ಇದಕ್ಕೆ ಎದುರಾಗಿ ಆತಕೂರಿನ ಕಲ್ಲು ನೋಡಿ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಗೆ ನಿಲ್ಲಿಸಿದ ಕಲ್ಲು. ಬರೀ ಕಣ್ಣಲ್ಲಿ ನೋಡಿದರೆ ಒಂದು ನಾಯಿ, ಒಂದು ಹಂದಿ, ಅಷ್ಟೇ. ರೈಸ್ ಮತ್ತು ಫ್ಲೀಟರ ಪಾಠ ಪಕ್ಕದಲ್ಲಿಟ್ಟುಕೊಂಡು ನೋಡಿದರೆ ತಕ್ಕೋಲದ ಯುದ್ಧ, ಗಂಗ ಬೂತುಗ, ರಾಷ್ಟ್ರಕೂಟ ಮೂರನೇ ಕೃಷ್ಣ, ಆ ನಾಯಿಯನ್ನ ಬೇಡಿ ಪಡೆದ ಮಣಲೆರ, ಎಲ್ಲರೂ ಎದ್ದು ನಿಲ್ತಾರೆ. ಕಲ್ಲು ಒಂದು, ಪುಸ್ತಕ ಒಂದು ಅಂತ ಬೇರೆಬೇರೆ ಓದೋ ವಿಷಯವಲ್ಲ ಇದು. ವಸ್ತುಸಂಗ್ರಹಾಲಯ, ಗ್ರಂಥಾಲಯ ಎರಡೂ ಒಟ್ಟಿಗೆ ಬೇಕು.

ಇನ್ನು ಮಡಕೆ ಚೂರುಗಳು. ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಅಗೆದಾಗ ಆ ಪದರಗಳ ಕಾಲ ಹೇಳೋಕೆ ಆಸರೆಯಾಗಿದ್ದು ಒಂದು ಜಾತಿಯ ಮಡಕೆ. ಒಳಗೆ ಚುಕ್ಕಿಚುಕ್ಕಿ ವೃತ್ತಗಳ ಅಲಂಕಾರ ಇರೋದು. ಅಂಥದ್ದೇ ಅರಿಕಮೇಡಿನಲ್ಲಿ ರೋಮನ್ ಸಾಮಾನಿನ ಜೊತೆ ಸಿಕ್ಕಿತ್ತು. ಈ ವರದಿ ಏನ್ಷಂಟ್ ಇಂಡಿಯಾ 4ನೇ ಸಂಚಿಕೆಯಲ್ಲಿದೆ, ಓದಬಹುದು. ಆದರೆ ಚೂರನ್ನ ಕೈಲಿ ಹಿಡಿದು, ಬೆರಳಾಡಿಸಿ, ಅಂಚು ನೋಡಿ ಗುರುತು ಹಿಡಿಯೋದನ್ನ ಯಾವ ಪುಸ್ತಕವೂ ಕಲಿಸೋದಿಲ್ಲ. ಒಂದೂ ಮಡಕೆ ಚೂರು ಮುಟ್ಟದೆ ಪುರಾತತ್ವದಲ್ಲಿ ಎಂ.ಎ. ಮುಗಿಸೋದು ಅಂದರೆ ನೀರಿಗಿಳಿಯದೆ ಈಜು ಕಲಿತ ಹಾಗೆ.

"ಈಗ ಎಲ್ಲ ನೆಟ್ಟಲ್ಲಿದೆ ಬಿಡಿ" ಅನ್ನೋರಿದ್ದಾರೆ. ಬಹಳಷ್ಟು ಇದೆ, ಒಪ್ಪುತ್ತೇನೆ. ರೈಸರ ಸಂಪುಟಗಳು ಇಂಟರ್ನೆಟ್ ಆರ್ಕೈವಿನಲ್ಲಿವೆ. ಎಲ್ಲಿ ಏನು ಅಗೆದರು ಅಂತ 1953-54ರಿಂದ ವರ್ಷವರ್ಷ ಹೇಳುವ ಇಂಡಿಯನ್ ಆರ್ಕಿಯಾಲಜಿ: ಎ ರಿವ್ಯೂ ಸಂಚಿಕೆಗಳು ಸಿಗುತ್ತವೆ. ಪ್ರಬಂಧಗಳಿಗೆ ಶೋಧಗಂಗಾ ಇದೆ. ಹದಿನೈದು ಇಪ್ಪತ್ತು ವರ್ಷದ ಹಿಂದೆ ಇಷ್ಟು ಸುಲಭ ಇರಲಿಲ್ಲ. ಆದರೆ ಇವೆಲ್ಲ ಏನು ಹುಡುಕಬೇಕು ಅಂತ ಮೊದಲೇ ಗೊತ್ತಿದ್ದವರಿಗೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ತನ್ನೂರಿನ ಹೆಸರನ್ನ ಹಳೇ ಇಂಗ್ಲಿಷ್ ಕಾಗುಣಿತದಲ್ಲಿ ಹೇಗೆ ಬರೆದಿದ್ದಾರೆ ಅಂತ ಊಹಿಸೋದು ಹೇಗೆ? ಎಪಿಗ್ರಾಫಿಯಾ ಕರ್ನಾಟಿಕಾದ ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟ, ಶಾಸನಗಳ ಸಂಖ್ಯೆ ಬದಲಾಗಿವೆ ಅನ್ನೋದು ಅವಳಿಗೆ ಯಾರು ಹೇಳ್ತಾರೆ?

ಇದರ ಪರಿಣಾಮ ಕಣ್ಣೆದುರಿಗೇ ಇದೆ. ಪುಸ್ತಕ ಸುಲಭವಾಗಿ ಸಿಗುವ ಜಾಗದ ಬಗ್ಗೆಯೇ ಎಲ್ಲರೂ ಬರೀತಾರೆ. ಹಂಪಿ, ಮತ್ತೆ ಹಂಪಿ, ಆಮೇಲೆ ಬಾದಾಮಿ... ಹಂಪಿ ಬೇಡ ಅಂತಲ್ಲ. ಆದರೆ ಯಾರೂ ಬರೆಯದ ಗುಡ್ಡವನ್ನ ಉಳಿಸೋಕೆ ಯಾರೂ ಬರೋದಿಲ್ಲ. ಬಳ್ಳಾರಿ ಹತ್ತಿರದ ಕಪ್ಪಗಲ್ಲಿನ ಬಂಡೆಚಿತ್ರಗಳಿಗೆ ಗ್ರಾನೈಟ್ ಗಣಿಗಾರಿಕೆಯಿಂದ ಅಪಾಯ ಇದೆ ಅಂತ 2004ರಲ್ಲಿ ಹೊರಜಗತ್ತಿಗೆ ತಿಳಿದಿದ್ದು ಸಂಶೋಧಕರು ಅದರ ಬಗ್ಗೆ ಬರೆದಿದ್ದರಿಂದ. ಬರೆಯೋರಿಲ್ಲದ ಬಂಡೆ ಜಲ್ಲಿಯಾಗೋಕೆ ಎಷ್ಟು ದಿನ ಬೇಕು?

ನನ್ನ ಬೇಡಿಕೆ ದೊಡ್ಡದೇನಲ್ಲ. ಹೊಸ ಕಟ್ಟಡ, ಬಣ್ಣದ ದೀಪ, ಸೆಲ್ಫಿ ಪಾಯಿಂಟ್ ಆಮೇಲೆ ಆಗಲಿ. ಮೊದಲು ಪ್ರತಿಯೊಂದು ವಸ್ತುಸಂಗ್ರಹಾಲಯವೂ ತನ್ನ ಹತ್ತಿರ ಏನಿದೆ ಅನ್ನೋ ಪಟ್ಟಿ ಹೊರಗೆ ಹಾಕಲಿ. ಕನ್ನಡದಲ್ಲಿ. ವಸ್ತು, ನಂಬರು, ಸಿಕ್ಕ ಊರು, ಸಿಕ್ಕ ವರ್ಷ, ಯಾವ ವರದಿಯಲ್ಲಿದೆ. ಈ ಐದು ಕಾಲಮ್ಮು ಸಾಕು. ಗಾಜಿನ ಪೆಟ್ಟಿಗೆಗೆ ಏರದೆ ಉಗ್ರಾಣದಲ್ಲಿ ಮೂಟೆಯಾಗಿ ಬಿದ್ದಿರೋ ಚೂರುಗಳಲ್ಲಿ ಒಂದಷ್ಟನ್ನ ವಿದ್ಯಾರ್ಥಿಗಳ ಕೈಗೆ ಕೊಡಲಿ. ವಿಭಾಗದ ಮುಖ್ಯಸ್ಥರ ಪತ್ರ ತಂದವರಿಗೆ ಇಂಥ ದಿನ ಉಗ್ರಾಣ ತೆಗೀತೀವಿ ಅಂತ ಒಂದು ನಿಯಮ ಬರಲಿ, ಅಧಿಕಾರಿಯ ಮರ್ಜಿಗೆ ಬಿಡೋದು ಬೇಡ. "ಕಳ್ಳರಿಗೆ ದಾರಿ ತೋರಿಸಿದ ಹಾಗಾಗುತ್ತೆ" ಅಂತ ಕೆಲವರು ಹೆದರಿಸ್ತಾರೆ. ತಿರುಗಿಸಿ ಯೋಚಿಸಿ. ಪಟ್ಟಿಯಲ್ಲೇ ಇಲ್ಲದ ವಸ್ತು ಕಳೆದುಹೋದರೆ ಕಳೆದಿದೆ ಅಂತ ಗೊತ್ತಾಗೋದಾದರೂ ಹೇಗೆ?

ಅಲ್ಲೀತನಕ ನಾವು, ಬ್ಲಾಗಿಗರು, ಮಾಡಬಹುದಾದ್ದೂ ಇದೆ. ಪ್ರವಾಸ ಹೋದಾಗ ವಸ್ತುಸಂಗ್ರಹಾಲಯಕ್ಕೆ ಹೋಗೇ ಹೋಗ್ತೀವಿ. ಬಂದು ಬರೆಯುವಾಗ "ಸುಂದರ ಶಿಲ್ಪಗಳಿವೆ" ಅಂತ ಮುಗಿಸಬೇಡಿ. ನಾಲ್ಕು ಕಲ್ಲಿನ ನಂಬರು, ಊರಿನ ಹೆಸರು, ಬೋರ್ಡಿನ ಮೇಲಿದ್ದ ಮಾತು ಇಷ್ಟನ್ನ ಹಾಗೇ ಇಳಿಸಿ. ಯುನಿಕೋಡಿನಲ್ಲಿ ಬರೆದದ್ದು ಹುಡುಕಿದವರಿಗೆ ಸಿಗುತ್ತೆ. ರಾಯಚೂರಿನ ಯಾವುದೋ ಹಾಸ್ಟೆಲಿನಲ್ಲಿ ಕೂತು ರಾತ್ರಿ ತನ್ನೂರಿನ ಹೆಸರನ್ನ ಕನ್ನಡದಲ್ಲಿ ಟೈಪಿಸಿ ಹುಡುಕುವ ವಿದ್ಯಾರ್ಥಿಗೆ ನಿಮ್ಮ ಒಂದು ಸಾಲು ಸಿಕ್ಕರೂ ಅದು ದೊಡ್ಡದೇ.

ಅಂದಹಾಗೆ, ನಿಮ್ಮೂರು ಯಾರ ಕೈಲಿತ್ತು? :)