ಹಾಡಿನ ಹಿಂದೆ: ಊದಿದವರು ಯಾರು?

ಈಶ್ವರಮಂಗಲದ ಅಭಿಮಾನಿಯೊಬ್ಬರ ಪ್ರಶ್ನೆ: ‘ಸಿನಿಮಾದ ಕ್ಯಾಬರೆ ಹಾಡಿಗೂ ಸ್ಯಾಕ್ಸೋಫೋನು, ನಮ್ಮ ಕಡೆ ದೇವರ ಜಾತ್ರೆಗೂ ಸ್ಯಾಕ್ಸೋಫೋನು. ಇದು ಹೇಗೆ ಸಾರ್?’

ಭಲೇ ಪ್ರಶ್ನೆ! ಈ ವಾದ್ಯ ನಮ್ಮ ಹತ್ತಿರ ಬಂದದ್ದು ಒಂದು ದಾರಿಯಲ್ಲಲ್ಲ, ಎರಡು ದಾರಿಯಲ್ಲಿ. ಮೊದಲನೆಯದು ಜಾಝ್ ದಾರಿ.

ಜಾಝ್ ಹುಟ್ಟಿದ್ದು ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ, ಕರಿಯ ಜನರ ಕೈಯಲ್ಲಿ. ಆದರೆ 1917ರಲ್ಲಿ ಮೊದಲ ಜಾಝ್ ಗ್ರಾಮಫೋನ್ ಪ್ಲೇಟು ಬಂದಾಗ ಅದರ ಮೇಲಿದ್ದದ್ದು ಐವರು ಬಿಳಿಯರ ತಂಡದ ಹೆಸರು. ಏನು ಗೊತ್ತೇ? ‘ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್’! ಆಗಿನ್ನೂ ಆ ಪದಕ್ಕೆ ಕಾಗುಣಿತವೇ ಗಟ್ಟಿಯಾಗಿರಲಿಲ್ಲ, ‘ಜಾಸ್’ ಅಂತಲೇ ಅಚ್ಚು ಹಾಕಿದರು. ಅಡುಗೆ ಯಾರದ್ದೋ, ‘ಒರಿಜಿನಲ್’ ಬೋರ್ಡು ಇನ್ಯಾರದ್ದೋ! ಅದಕ್ಕೂ ಮೊದಲೇ ನ್ಯೂ ಆರ್ಲಿಯನ್ಸ್‌ನಲ್ಲಿ ಹೆಸರು ಮಾಡಿದ್ದ ಬಡ್ಡಿ ಬೋಲ್ಡನ್ ಊದಿದ್ದು ನಮಗೆ ಕೇಳಲು ಒಂದು ಪ್ಲೇಟೂ ಉಳಿದಿಲ್ಲ.

ಬ್ಯಾಂಡುಗಳ ಹೆಸರು ನೋಡಿದರೆ ಸಾಕು, ಶೈಲಿ ಬದಲಾದದ್ದು ತಿಳಿಯುತ್ತದೆ. 1923ರಲ್ಲಿ ‘ಕಿಂಗ್ ಆಲಿವರ್ಸ್ ಕ್ರಿಯೋಲ್ ಜಾಝ್ ಬ್ಯಾಂಡ್’. ಎಲ್ಲರೂ ಒಟ್ಟಿಗೆ ಊದುವ ಕಾಲ ಅದು. ಆ ತಂಡದಲ್ಲಿದ್ದ ಲೂಯಿ ಆರ್ಮ್‌ಸ್ಟ್ರಾಂಗ್ 1925ರಲ್ಲಿ ‘ಹಾಟ್ ಫೈವ್’ ಕಟ್ಟಿದ. ಅಲ್ಲಿಂದ ಒಬ್ಬನೇ ಮುಂದೆ ನಿಂತು ಮನಸ್ಸಿಗೆ ಬಂದಂತೆ ಬೆಳೆಸುವ ‘ಸೋಲೋ’ಗೆ ಬೆಲೆ ಬಂತು. ನಮ್ಮ ಮನೋಧರ್ಮ ಇದ್ದ ಹಾಗೆ ಅನ್ನಿ. 1930ರ ದಶಕದಲ್ಲಿ ಕುಣಿಯುವವರಿಗಾಗಿ ‘ಸ್ವಿಂಗ್’. ಡ್ಯೂಕ್ ಎಲಿಂಗ್ಟನ್ನನಂಥವರ ದೊಡ್ಡ ‘ಆರ್ಕೆಸ್ಟ್ರಾ’ಗಳು. 1940ರ ದಶಕದಲ್ಲಿ ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ ಬಂದು ‘ಬೀಬಾಪ್’ ಶುರು ಮಾಡಿದರು. ಕುಣಿತ ಸಾಕು, ಕೂತು ಕೇಳಿ ಅಂದರು. ತಂಡ ಮತ್ತೆ ಚಿಕ್ಕದಾಯಿತು, ‘ಕ್ವಿಂಟೆಟ್’ ಅಂದರೆ ಐವರ ಮೇಳ.

ಈ ಗಾಳಿ ನಮ್ಮ ದೇಶಕ್ಕೂ ಬೀಸಿತು. 1935ರಲ್ಲಿ ಲಿಯೋನ್ ಆ್ಯಬಿ ತನ್ನ ಕರಿಯ ಜಾಝ್ ತಂಡ ಕಟ್ಟಿಕೊಂಡು ಮುಂಬೈಯ ತಾಜ್ ಹೋಟೆಲಿಗೆ ಬಂದ. ಗೋವಾದ ವಾದ್ಯಗಾರರು ಜಾಝ್ ಕಲಿತು ಹೋಟೆಲಿನಲ್ಲಿ ನುಡಿಸಿದರು, ಆಮೇಲೆ ಸಿನಿಮಾಕ್ಕೆ ಬಂದರು. ಆಂಟೋನಿಯೊ ಝೇವಿಯರ್ ವಾಝ್ ಎಂಬ ಟ್ರಂಪೆಟ್ ವಾದಕ ‘ಚಿಕ್ ಚಾಕೊಲೆಟ್’ ಅಂತ ಹೆಸರಿಟ್ಟುಕೊಂಡ, ಸಿ. ರಾಮಚಂದ್ರರಿಗೆ ಸಹಾಯಕನಾದ, 1951ರ ‘ಅಲ್ಬೇಲಾ’ದಲ್ಲಿ ತೆರೆಯ ಮೇಲೂ ಕಾಣಿಸಿದ. ಆರ್.ಡಿ. ಬರ್ಮನ್ ಬಳಗದ ಸ್ಯಾಕ್ಸೋಫೋನ್ ಮನೋಹರಿ ಸಿಂಗ್ ಅವರದು. ನಮ್ಮಲ್ಲೂ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ಜಿ.ಕೆ. ವೆಂಕಟೇಶ್ ಅಣ್ಣಾವ್ರ ಬಾಯಲ್ಲಿ ಇಂಗ್ಲಿಷ್ ಹಾಡನ್ನೇ ಹಾಡಿಸಿಬಿಟ್ಟರಲ್ಲ!

ಈಗ ಎರಡನೇ ದಾರಿ, ಅರಮನೆಯದು. ಈಶ್ವರಮಂಗಲದವರಿಗೆ ಬಂಟ್ವಾಳ ದೂರವಲ್ಲ. ಅಲ್ಲಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ನಾಗಸ್ವರ ವಿದ್ವಾಂಸರ ಮಗ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದರು. ಅವರೇ ಕದ್ರಿ ಗೋಪಾಲನಾಥ್. ವಿದೇಶಿ ವಾದ್ಯದಲ್ಲಿ ಗಮಕ ತರಲು ವರ್ಷಗಟ್ಟಲೆ ಬೆವರು ಹರಿಸಿದರು. 1980ರಲ್ಲಿ ಮುಂಬೈಯ ‘ಜಾಝ್ ಯಾತ್ರಾ’ದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರ ಜೊತೆ ನುಡಿಸಿದರು. ಎರಡು ದಾರಿ ಕೂಡಿದ್ದು ಅಲ್ಲೇ! 1994ರಲ್ಲಿ ಬಾಲಚಂದರ್ ಅವರ ತಮಿಳು ‘ಡ್ಯುಯೆಟ್’ ಬಂತು. ತೆರೆಯ ಮೇಲೆ ಸ್ಯಾಕ್ಸೋಫೋನ್ ಹಿಡಿದದ್ದು ಪ್ರಭು, ಉಸಿರು ಕದ್ರಿಯವರದು. 2019ರ ಅಕ್ಟೋಬರ್ 11ರಂದು ಅವರು ತೀರಿಕೊಂಡರು. ಇವತ್ತು ದಕ್ಷಿಣ ಕನ್ನಡದ ಜಾತ್ರೆ, ಮದುವೆಗಳಲ್ಲಿ ಸ್ಯಾಕ್ಸೋಫೋನ್ ನಮ್ಮ ಮನೆಯದೇ ವಾದ್ಯ ಅನ್ನುವಷ್ಟು ಬೆಳೆದಿದೆ.

ಕದ್ರಿಯವರ ಹೆಸರು ಉಳಿಯಿತು, ಸರಿ. ಆದರೆ ಮೊಬೈಲಿನಲ್ಲಿ ಹಳೇ ಹಾಡು ಹಾಕಿ ನೋಡಿ. ಹೀರೋ ಹೆಸರುಂಟು, ಗಾಯಕರ ಹೆಸರುಂಟು, ಸಂಗೀತ ನಿರ್ದೇಶಕರ ಹೆಸರುಂಟು. ನಡುವೆ ಎದೆ ಝುಮ್ಮೆನ್ನುವ ಹಾಗೆ ಊದಿದವನ ಹೆಸರು? ಎಷ್ಟೋ ಹಾಡುಗಳಿಗೆ ಇಲ್ಲವೇ ಇಲ್ಲ. 1917ರ ಅನ್ಯಾಯ ಇನ್ನೂ ಮುಗಿದಿಲ್ಲ ಗೆಳೆಯರೇ. ಹೀರೋಗೆ ಶಿಳ್ಳೆ ಖಂಡಿತ ಹೊಡೀರಿ. ಊರ ಜಾತ್ರೆಯಲ್ಲಿ ಸ್ಯಾಕ್ಸೋಫೋನ್ ನಿಂತ ಮೇಲೆ ಮಾತ್ರ ಆ ಹುಡುಗನ ಹತ್ತಿರ ಹೋಗಿ, ‘ನಿಮ್ಮ ಹೆಸರೇನು?’ ಅಂತ ಕೇಳದೆ ಬರಬೇಡಿ.