ಹಿತ್ತಿಲ ಶೆಡ್ಡು ಬರೀ ಗುಜರಿಗಲ್ಲ

‘ಹಿತ್ತಿಲ ಗಿಡ ಮದ್ದಲ್ಲ’ ಎನ್ನುವ ಗಾದೆ ಹಿತ್ತಿಲ ಶೆಡ್ಡಿಗೂ ಸಲ್ಲುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಹಳೆಯ ಮನೆಗಳ ಹಿಂದೆ ಒಂದು ತೆಂಗಿನ ಮರ, ಬಟ್ಟೆ ಒಗೆಯುವ ಕಲ್ಲು, ಪಕ್ಕದಲ್ಲೊಂದು ಶೆಡ್ಡು ಇರುತ್ತಿದ್ದವು. ಅದರೊಳಗೆ ಹಂಡೆ ಒಲೆಗೆ ಬೇಕಾದ ಸೌದೆ, ಗುದ್ದಲಿ, ಹಳೆಯ ಸೈಕಲ್ಲು. ಕೆಂಗೇರಿ ಕಡೆಯ ಹಳ್ಳಿಗಳಲ್ಲಾದರೆ ದನದ ಕೊಟ್ಟಿಗೆ. ಗ್ಯಾಸ್, ಗೀಸರ್ ಬಂದ ಮೇಲೆ ಸೌದೆ ಹೋಯಿತು, ಶೆಡ್ಡು ಗುಜರಿಯ ಗೂಡಾಯಿತು.

ಚಾವಣಿ ನೋಡಿದರೆ ಶೆಡ್ಡಿನ ಗುಣ ತಿಳಿಯುತ್ತದೆ. ತೆಂಗಿನ ಗರಿಯದು ತಂಪು. ಆದರೆ ಬೆಂಕಿಯ ಭಯ. ಮಂಗಳೂರು ಹೆಂಚಿನ ಸಂದಿಯಲ್ಲಿ ಗಾಳಿಯಾಡುವುದರಿಂದ ಬೇಸಿಗೆಗೂ ಹಿತ. ತಗಡಿನ ಶೀಟು ಹಗುರ. ಬಿಸಿಲಿಗೆ ಬೇಗ ಕಾಯುತ್ತದೆ, ಮಳೆ ಬಂದರೆ ಮಾತು ಕೇಳಿಸದು. ಹಳೆಯ ಸಿಮೆಂಟ್ ಶೀಟುಗಳಲ್ಲಿ ಆಸ್ಬೆಸ್ಟಾಸ್ ನಾರು ಇರುವುದುಂಟು. ಅವನ್ನು ಕೊರೆಯುವುದಾಗಲಿ ಒಡೆಯುವುದಾಗಲಿ ಕೂಡದು. ಆ ದೂಳು ಶ್ವಾಸಕೋಶ ಸೇರಿದರೆ ಕ್ಯಾನ್ಸರ್ ಬರಬಹುದು.

ಇಂಥ ಶೆಡ್ಡಿನಿಂದ ಏನಾದೀತು ಎನ್ನುವವರು ಪ್ಯಾರಿಸ್ಸಿನ ಒಂದು ಶೆಡ್ಡಿನ ಕಥೆ ಕೇಳಬೇಕು. ಹಿಂದೆ ವೈದ್ಯ ವಿದ್ಯಾರ್ಥಿಗಳು ಹೆಣ ಕೊಯ್ದು ಕಲಿಯುತ್ತಿದ್ದ ಜಾಗ ಅದು. ಮಳೆ ಬಂದರೆ ಚಾವಣಿ ಸೋರುತ್ತಿತ್ತು. ಮೇರಿ ಕ್ಯೂರಿ ಅಲ್ಲಿಯೇ ಟನ್ನುಗಟ್ಟಲೆ ಅದಿರಿನ ಚರಟವನ್ನು ಕುದಿಸಿ, ಸೋಸಿ, 1902ರಲ್ಲಿ ಒಂದು ಗ್ರಾಮಿನ ಹತ್ತನೇ ಒಂದು ಭಾಗದಷ್ಟು ರೇಡಿಯಂ ಕ್ಲೋರೈಡ್ ಪಡೆದರು. ಅಷ್ಟು ದೂರವೇಕೆ? ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಪೀಣ್ಯದಲ್ಲಿ ‘ಶೆಡ್’ ಎಂದರೆ ಲೇತ್ ತಿರುಗುವ ಜಾಗ. 1960ರಲ್ಲಿ ಹುಟ್ಟಿದ ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮ ಸಣ್ಣ ಉದ್ಯಮಿಗಳಿಗೆ ಒದಗಿಸಿದ್ದೂ ಶೆಡ್ಡುಗಳನ್ನೇ.

ಮನೆಯೊಳಗೆ ಮೊಳೆ ಹೊಡೆದರೆ ಗೋಡೆ ಹಾಳು, ಬಣ್ಣ ಚೆಲ್ಲಿದರೆ ನೆಲ ಹಾಳು ಎಂದು ಬೈಸಿಕೊಳ್ಳುವ ಮಗುವಿಗೆ ಕೈಕೆಲಸ ಕಲಿಯಲು ಬೇರೆ ಜಾಗವೆಲ್ಲಿದೆ? ಶೆಡ್ಡು ಕೆಡವಿ ಕಾರು ನಿಲ್ಲಿಸುವ ಮುನ್ನ ತಂದೆತಾಯಿಯರು ಇದನ್ನೊಮ್ಮೆ ಯೋಚಿಸಬೇಕು.

ಈ ರಜೆಯಲ್ಲಿ ಅರ್ಧ ಶೆಡ್ಡಾದರೂ ಖಾಲಿ ಮಾಡಿ. ಮಗುವಿನ ಸೊಂಟದ ಎತ್ತರಕ್ಕೆ ಒಂದು ಗಟ್ಟಿ ಹಲಗೆ, ತೆರೆಯುವ ಕಿಟಕಿ, ಸುತ್ತಿಗೆ, ಗರಗಸ, ಸ್ಕ್ರೂ ಡ್ರೈವರ್ ಇದ್ದರೆ ಆರಂಭಕ್ಕೆ ಸಾಕು. ವಿದ್ಯುತ್ ವೈರಿಂಗನ್ನು ಬಲ್ಲವರಿಂದಲೇ ಮಾಡಿಸಿ. ಸೀಮೆಎಣ್ಣೆ, ಆಸಿಡ್, ಗಿಡದ ಔಷಧಿಗಳಿಗೆ ಬೀಗ ಹಾಕಿ. ಮೊದಮೊದಲು ದೊಡ್ಡವರೊಬ್ಬರು ಜೊತೆಗಿರಲಿ. ಮಗು ಮಾಡಿದ ಮೊದಲ ಸ್ಟೂಲು ಅಲುಗಾಡಿದರೆ ನಗಬೇಡಿ. ಯಾವ ಕಾಲು ಗಿಡ್ಡ ಎಂದು ಅಳೆದು ನೋಡಲು ಹೇಳಿ.