ಮನೆಯ ಮಾತು: ಪಾಸ್ಖ ಹಬ್ಬದ ಮುನ್ನಾದಿನ

ಹಬ್ಬವೆಂದರೆ ಮನೆಯಲ್ಲಿ ಮಕ್ಕಳ ಹಬ್ಬವೇ ಸರಿ. ಹೊಸ ಬಟ್ಟೆ, ಸಿಹಿತಿಂಡಿ, ನೆಂಟರಿಷ್ಟರ ಸಡಗರ, ಇವುಗಳಲ್ಲಿ ಒಂದು ಕಡಮೆಯಾದರೂ ಅವರಿಗೆ ಹಬ್ಬವಾಯಿತೆನಿಸದು. ಕ್ರೈಸ್ತ ಕುಟುಂಬಗಳಲ್ಲಿ ನಡೆಯುವ ಈಸ್ಟರ್, ಅಂದರೆ ಯೇಸುಸ್ವಾಮಿಯ ಪುನರುತ್ಥಾನದ ಪಾಸ್ಖ ಹಬ್ಬದಲ್ಲಿ, ಸಂತೋಷಕ್ಕೆ ಮೊದಲು ಒಂದು ಸಾವಿನ ದಿನವೂ ಒಂದು ಸಮಾಧಿಯ ದಿನವೂ ಉಂಟು. ಆ ಎರಡನ್ನು ಮಕ್ಕಳಿಂದ ಮರೆಮಾಡಿ ಮೂರನೆಯದನ್ನು ಮಾತ್ರ ಅವರ ಕೈಗೆ ಕೊಡುವುದು ಯುಕ್ತವೆ? ಈ ತಿಂಗಳ ನಮ್ಮ ವಿಚಾರವು ಇದೇ.

ಈ ಹಬ್ಬವೂ ಚಂದ್ರನನ್ನು ನೋಡಿ ನಿಶ್ಚಯವಾಗುವಂಥದು. ಮಾರ್ಚ್ 21ರಂದಾಗಲಿ ಅದರ ತರುವಾಯವಾಗಲಿ ಬರುವ ಹುಣ್ಣಿಮೆ ಕಳೆದ ಮೊದಲನೆಯ ಭಾನುವಾರವೇ ಈಸ್ಟರ್. ಆದುದರಿಂದ ಅದು ಮಾರ್ಚ್ 22ಕ್ಕೆ ಮೊದಲು ಬಾರದು, ಏಪ್ರಿಲ್ 25ನ್ನು ಮೀರದು. ಬೂದಿ ಬುಧವಾರದಿಂದ ಹಬ್ಬದವರೆಗೆ 46 ದಿನಗಳು. ಆರು ಭಾನುವಾರಗಳನ್ನು ಕಳೆದರೆ ಉಳಿಯುವ 40 ದಿನಗಳೇ ತಪಸ್ಸುಕಾಲ. ಹಿಂದಿನ ಕಾಲದಲ್ಲಿ ಈ ದಿನಗಳಲ್ಲಿ ಮಾಂಸದೊಡನೆ ಮೊಟ್ಟೆಯೂ ವರ್ಜ್ಯವಾಗಿದ್ದಿತು. ಕೋಳಿಗಳಾದರೋ ಉಪವಾಸವನ್ನರಿಯವು; ಕೂಡಿಬಿದ್ದ ಮೊಟ್ಟೆಗಳೇ ಹಬ್ಬದ ಉಡುಗೊರೆಯಾದವು.

ನಮ್ಮ ವಾಸವು ದಸರೆಯ ಬನ್ನಿಮಂಟಪದಿಂದ ಹೆಸರಾದ ಕಿರಂಗೂರು. ಪೂಜೆಗೆ ಹೊಳೆ ದಾಟಿ ಶ್ರೀರಂಗಪಟ್ಟಣಕ್ಕೆ ಹೋಗುತ್ತೇವೆ. ಕ್ರೈಸ್ತರ ಪಾಲಿಗೆ ಆ ಪಟ್ಟಣವೂ ಕಾಯುವುದನ್ನು ಕಲಿಸಿದ ಸ್ಥಳವೇ. 1784ರಲ್ಲಿ ಕರಾವಳಿಯಿಂದ ಸೆರೆಯಾಗಿ ಬಂದ ಕ್ರೈಸ್ತ ಕುಟುಂಬಗಳಲ್ಲಿ ಬದುಕಿ ಉಳಿದವರು 1799ರವರೆಗೆ ಬಿಡುಗಡೆಗಾಗಿ ಕಾದರು. ಅನಂತರ ಫ್ರಾನ್ಸ್ ದೇಶದ ಗುರುಗಳಾದ ಅಬ್ಬೆ ದುಬಾಯ್ ಅವರು ಇಲ್ಲಿಗೆ ಬಂದು, ಚೆದರಿದ್ದ ಜನರನ್ನು ಒಂದುಗೂಡಿಸಿದರು. 1823ರವರೆಗೆ ಈ ಸೀಮೆಯಲ್ಲಿದ್ದ ಅವರ ಹೆಸರಿನಿಂದಲೇ ಪಟ್ಟಣದ ಚರ್ಚನ್ನು ಜನರು ಇಂದಿಗೂ ಗುರುತಿಸುತ್ತಾರೆ.

ಕಳೆದ ವರ್ಷ ನಮ್ಮ ತೀರ್ಥರೂಪರು ಕಾಲವಾದ ಬಳಿಕ ಬಂದ ಮೊದಲನೆಯ ಈಸ್ಟರಿನಲ್ಲಿ ನಮಗೆ ಒದಗಿದ ಅನುಭವವನ್ನು ಇಲ್ಲಿ ಹೇಳಬೇಕು. ಶುಭ ಶುಕ್ರವಾರದಂದು ಮಧ್ಯಾಹ್ನ ಗಂಜಿಯುಂಡು ಎಲ್ಲರೂ ಚರ್ಚಿಗೆ ಹೊರಟಿದ್ದೆವು. ಏಳು ವರ್ಷದ ಕಿರಿಯ ಮಗಳು ಫಕ್ಕನೆ, "ಅಪ್ಪಾ, ಭಾನುವಾರ ತಾತನೂ ಎದ್ದು ಬರುತ್ತಾರೆಯೆ?" ಎಂದು ಕೇಳಿದಳು. ನಾವು, "ಹಾಗೆಲ್ಲ ಕೇಳಬಾರದು, ನಡೆ" ಎಂದು ಗದರಿಸಿಬಿಟ್ಟೆವು. ಅವಳು ದಾರಿಯುದ್ದಕ್ಕೂ ಮಾತನಾಡಲಿಲ್ಲ. ತಾಯಿಯವರು ರಾತ್ರಿ ನಮ್ಮನ್ನು ಕರೆದು, "ಮಗು ಕೇಳಬಾರದ್ದನ್ನೇನೂ ಕೇಳಲಿಲ್ಲವಪ್ಪ. ನಾನೂ ಅದನ್ನೇ ಕೇಳುತ್ತಿದ್ದೇನೆ; ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ" ಎಂದರು. ಆ ಮಾತು ನಮ್ಮನ್ನು ನಿದ್ರೆಗೊಡಲಿಲ್ಲ.

ಮರುದಿನ ಪವಿತ್ರ ಶನಿವಾರ. ಅಂದು ಹಗಲು ಪೂಜೆಯಿಲ್ಲ. ಗುರುವಾರ ಸಂಜೆ ಮೌನವಾದ ಗಂಟೆಯೂ ಮೊಳಗುವುದಿಲ್ಲ. ಬೆಳಗ್ಗೆ ಮಗಳನ್ನು ಕರೆದುಕೊಂಡು ತಾತನ ಸಮಾಧಿಗೆ ಹೋದೆವು. ಇಬ್ಬರೂ ಕೂಡಿ ಕಳೆ ಕಿತ್ತು, ಕಲ್ಲಿನ ಶಿಲುಬೆಯನ್ನು ತೊಳೆದೆವು. ಆಗ, "ನಾಳೆ ತಾತನು ಮನೆಗೆ ಬರುವುದಿಲ್ಲ, ಮಗು. ದೇವರು ಒಂದು ದಿನ ಎಲ್ಲರನ್ನೂ ಎಬ್ಬಿಸುವನೆಂಬುದು ನಮ್ಮ ನಂಬಿಕೆ. ಆ ದಿನ ಎಂದೆಂದು ನಮಗೆ ತಿಳಿಯದು. ಅಲ್ಲಿಯವರೆಗೆ ಅಳು ಬಂದರೆ ಅಳಬಹುದು, ಲಾಜರನು ಸತ್ತಾಗ ಯೇಸುಸ್ವಾಮಿಯೂ ಅತ್ತನು" ಎಂದು ಹೇಳಿದೆವು. ಅವಳು ಅಳಲಿಲ್ಲ. "ಹಾಗಾದರೆ ತಾತನೂ ಕಾಯುತ್ತಿದ್ದಾರೆ" ಎಂದಳು. ಅತ್ತವರು ನಾವೇ.

ಆ ರಾತ್ರಿಯ ಜಾಗರಣೆಯನ್ನು ಕಾಣದವರಿಗೆ ಒಂದೆರಡು ಮಾತು. ದೀಪಗಳೆಲ್ಲ ಆರಿದ ಚರ್ಚಿನ ಹೊರಗೆ ಹೊಸ ಬೆಂಕಿಯನ್ನು ಹೊತ್ತಿಸಿ, ಆ ವರ್ಷದ ಅಂಕಿಗಳನ್ನು ಕೆತ್ತಿದ ದೊಡ್ಡ ಮೇಣದ ಬತ್ತಿಯನ್ನು ಅದರಿಂದ ಬೆಳಗಿಸಿ ಒಳಗೆ ತರುವರು. ಆ ಒಂದು ಜ್ವಾಲೆಯಿಂದ ಎಲ್ಲರ ಕೈಯ ಬತ್ತಿಗಳೂ ಹೊತ್ತಿಕೊಳ್ಳುವುವು. ಮುಂದೆ ಗಂಟೆಗಳು ಮತ್ತೆ ಮೊಳಗುವುವು. ಬಹುಕಾಲದವರೆಗೆ ಈ ವಿಧಿಯು ಶನಿವಾರ ಬೆಳಗ್ಗೆಯೇ ಮುಗಿದುಹೋಗುತ್ತಿದ್ದಿತು. ಅದನ್ನು ರಾತ್ರಿಗೆ ಮರಳಿಸಲು ಹನ್ನೆರಡನೆಯ ಪಿಯುಸ್ ಪೋಪರು 1951ರಲ್ಲಿ ಅವಕಾಶವಿತ್ತರು. 1956ರಿಂದ ಅದೇ ನಿಯಮವಾಯಿತು. ಹಗಲಿನಲ್ಲಿ ಹಚ್ಚಿದ ದೀಪದ ಬೆಲೆ ಮಕ್ಕಳಿಗೆ ಹೇಗೆ ತಿಳಿದೀತು?

ನಮ್ಮ ಮಗಳು ತನ್ನ ಬತ್ತಿಯನ್ನು ಅರ್ಧದಲ್ಲಿಯೇ ಆರಿಸಿ ಮಡಿಲಲ್ಲಿಟ್ಟುಕೊಂಡಳು. ಮನೆಗೆ ಬಂದು ಅಜ್ಜಿಯ ಕೈಯಲ್ಲಿಟ್ಟು, "ಇದು ತಾತನ ಪಾಲು" ಎಂದಳು. ಅಜ್ಜಿಯೂ ಮೊಮ್ಮಗಳೂ ಕೂಡಿ ಅದನ್ನು ತಾತನ ಪಟದ ಮುಂದೆ ಹಚ್ಚಿದರು.

ಇನ್ನು ಭಾನುವಾರದ ಕೆಲಸ. ಈರುಳ್ಳಿಯ ಒಣಸಿಪ್ಪೆಯನ್ನು ಒಂದೆರಡು ಹಿಡಿ ನೀರಿಗೆ ಹಾಕಿ, ಒಂದು ಚಮಚ ವಿನಿಗರ್ ಸೇರಿಸಿ, ಅದರಲ್ಲಿ ಮೊಟ್ಟೆಗಳನ್ನು ಬೇಯಿಸಿದರೆ ಒಳ್ಳೆಯ ಕೆಂಗಂದು ಬಣ್ಣವೇರುವುದು, ಅರಿಸಿನದಿಂದ ಹಳದಿಯಾಗುವುದು. ಪೇಟೆಯ ಬಣ್ಣ ಬೇಕಿಲ್ಲ. ಮಕ್ಕಳೇ ಮಾಡಲಿ, ಬಿಸಿನೀರಿನ ಬಳಿ ಹಿರಿಯರಿರಲಿ. ಯುಗಾದಿಗೆ ನಮಗೆ ಬೇವುಬೆಲ್ಲ, ಒಬ್ಬಟ್ಟು ಕಳುಹಿಸುವ ನೆರೆಯವರಲ್ಲಿ ಮೊಟ್ಟೆ ಮುಟ್ಟದವರೂ ಉಂಟು. ಅವರ ಮನೆಗಳಿಗೆ ಬಾಳೆಹಣ್ಣನ್ನೂ ಸಿಹಿಯನ್ನೂ ಮಕ್ಕಳ ಕೈಯಲ್ಲಿಯೇ ಕಳುಹಿಸುವುದು ನಮ್ಮ ವಾಡಿಕೆ.

ಯಾವ ಮತದ ಮನೆಯೇ ಆಗಲಿ, ಹಿರಿಯರನ್ನು ಕಳೆದುಕೊಂಡ ವರ್ಷದ ಹಬ್ಬ ಕಠಿನವಾದುದು. ಅಂಥ ದಿನ ಮಗು ಏನನ್ನಾದರೂ ಕೇಳಿದರೆ ಗದರಿಸದಿರೋಣ. ತಿಳಿದಷ್ಟನ್ನು ನಿಜವಾಗಿ ಹೇಳಿ, ಮಿಕ್ಕುದಕ್ಕೆ ಅದರೊಡನೆ ಕಾದುಕೊಂಡಿರೋಣ.